ಬೆನ್ನ ಮೇಲೆ ಮೊಲವಿದ್ದ ಕೋಡಂಗಿ

ಪಾಂಟ್‌ಹೆಲಿಗ್‌ನಲ್ಲಿ ನೆರಿಸ್ ಪ್ರಾಬರ್ಟ್ ಬಸ್ಸು ಹತ್ತಿದರೆ ಡ್ರೈವರ್ ಕೂಡ ತಮಾಷೆ ಮಾಡುತ್ತಿದ್ದ. "ತಲೆ ಎಣಿಸಿ ಆಯ್ತೇನಮ್ಮ? ಹೊರಡ್ಲಾ?" ಅವಳು ಒಬ್ಬಳೇ ತರಕಾರಿಗೆ ಹೊರಟ ದಿನವೂ ಅವನು ಹಾಗೆ ಕೇಳದೆ ಬಿಡುತ್ತಿರಲಿಲ್ಲ. ಅವಳೂ ಒಂದು ಸಲ ಹಿಂದಿರುಗಿ ಖಾಲಿ ಸೀಟುಗಳ ಮೇಲೆ ಕಣ್ಣು ಹಾಯಿಸದೆ ಕೂರುತ್ತಿರಲಿಲ್ಲ.

ಊರ ಮಕ್ಕಳನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ. ವೇಲ್ಸಿನ ಆ ಕಣಿವೆಯಲ್ಲಿ ಮೊದಲು ಗಣಿ ಮುಚ್ಚಿತು, ಆಮೇಲೆ ಉಕ್ಕಿನ ಕಾರ್ಖಾನೆ, ಆಮೇಲೆ ಮುಚ್ಚುವುದಕ್ಕೆ ಏನೂ ಉಳಿಯಲಿಲ್ಲ. ಪ್ರಾರ್ಥನೆಗೆ ಜನ ಬರುವುದು ನಿಂತು ಬೀಗ ಬಿದ್ದಿದ್ದ ಚಾಪೆಲ್ಲನ್ನು ಪುರಸಭೆಯವರು ಯುವಕೇಂದ್ರ ಮಾಡಿದರು. ಸೂಪರ್‌ಮಾರ್ಕೆಟ್ಟಿನ ಗಲ್ಲಾದಲ್ಲಿ ಕೂತಿದ್ದ ನೆರಿಸ್ ಅಲ್ಲಿಗೆ ಸಂಜೆ ಹೊತ್ತು ಟೀ ಮಾಡಿಕೊಡಲು ಹೋದವಳು ಅಲ್ಲೇ ಉಳಿದುಬಿಟ್ಟಳು. ಮಕ್ಕಳು ಬರುತ್ತಿದ್ದದ್ದು ಅಲ್ಲಿದ್ದ ಟೇಬಲ್ ಟೆನಿಸ್ಸಿಗಲ್ಲ, ಅಲ್ಲಿ ಬೆಚ್ಚಗಿರುತ್ತದೆ ಎಂದು, ಟೋಸ್ಟು ಸಿಗುತ್ತದೆ ಎಂದು. ಯಾರು ಹಸಿದು ಬಂದಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಕೂಗಾಟವಾಗಿದೆ, ಇದೆಲ್ಲ ಅವಳಿಗೆ ಬಾಗಿಲಲ್ಲೇ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತು ಮುಖ ನೋಡುವುದು, ಅವಳ ವಿದ್ಯೆ ಎಂದರೆ ಅದೊಂದೇ.

ಸ್ವಭಾವವೇ ಚಡಪಡಿಕೆಯದು. ಮಗ ಗೆತಿನ್ ಹುಟ್ಟಿದ ಮೇಲೆ ಅದು ದುಪ್ಪಟ್ಟಾಯಿತು. ಮಗು ಮಲಗಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವುದು, ಎದ್ದಿದ್ದರೆ ಯಾಕೆ ಮಲಗಲಿಲ್ಲ ಎಂದು ಹಣೆ ಮುಟ್ಟುವುದು. ಬಾಯ್ಲರ್ ರಿಪೇರಿ ಮಾಡುವ ಗಂಡ ಅಲೆಡ್ ನಿಧಾನಸ್ಥ. "ನೀನು ಮುಟ್ಟಿ ಮುಟ್ಟಿ ಅವನ ಹಣೆ ಬಿಸಿ ಆಗಿರೋದು" ಎನ್ನುತ್ತಿದ್ದ.

ಈ ಸಲ ಜರ್ಮನಿಗೆ ಹೊರಡುವಾಗ ಗೆತಿನ್‌ಗೆ ಕೆಮ್ಮು. ಮಗನನ್ನು ಬಿಟ್ಟು ಅವಳು ಎಲ್ಲೂ ರಾತ್ರಿ ಕಳೆದವಳಲ್ಲ. ಹೋಗದೆ ಇರುವಂತೆಯೂ ಇರಲಿಲ್ಲ. ಪಾಂಟ್‌ಹೆಲಿಗ್‌ಗೂ ಜರ್ಮನಿಯ ವೆಲ್ಜಿಂಗನ್‌ಗೂ ಜೋಡಿ ಊರಿನ ನಂಟು ಹಳೆಯದು. ಬೇಸಿಗೆಯಲ್ಲಿ ಅವರ ಮಕ್ಕಳು ಇಲ್ಲಿಗೆ, ಚಳಿಗಾಲ ಮುಗಿಯುವ ಹೊತ್ತಿನ ಕೋಡಂಗಿ ಹಬ್ಬಕ್ಕೆ ಇಲ್ಲಿಯ ಮಕ್ಕಳು ಅಲ್ಲಿಗೆ. ನೆರಿಸ್ ಕೂಡ ಹದಿಹರೆಯದಲ್ಲಿ ಹಾಗೆ ಹೋಗಿ ಬಂದವಳೇ. ಅಲ್ಲಿಯ ಭಾಷೆ ಒಂದಿಷ್ಟು ಅವಳ ನಾಲಿಗೆಗೆ ಹತ್ತಿತ್ತು.

ಬಸ್ಸು ಹೊರಡುವ ಹೊತ್ತಿಗೆ ಗ್ಲೆನಿಸ್ ಅಜ್ಜಿ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಪಕ್ಕಕ್ಕೆ ಎಂದರೆ ಒಂದು ಗೇಣು, ಅಷ್ಟೆ.

"ನೆರಿಸ್, ಇವಳ ಮೇಲಿಂದ ಕಣ್ಣು ತೆಗೀಬೇಡ ಕಣೆ. ಇನ್ನೊಂದ್ಸಲ ಹಂಗಾದ್ರೆ ನಾನು ಉಳಿಯಲ್ಲ."

"ನಾನು ಇಲ್ಲೇ ನಿಂತಿದೀನಿ ಅಜ್ಜಿ" ಎಂದಳು ಮೊಮ್ಮಗಳು ಲೌರಿ, ಬ್ಯಾಗಿನ ಪಟ್ಟಿ ಕಚ್ಚುತ್ತ. "ಕಿವೀನೂ ಕೇಳತ್ತೆ."

ಲೌರಿಗೆ ಹದಿನೈದು. ಹಿಂದಿನ ಬೇಸಿಗೆಯಲ್ಲಿ ಯುವಕೇಂದ್ರಕ್ಕೆ ಹೋಗುತ್ತೇನೆಂದು ಹೇಳಿ ಮನೆ ಬಿಟ್ಟವಳು ಎರಡು ದಿನ ಪತ್ತೆಯಿರಲಿಲ್ಲ. ದೂರದ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ ಅಮ್ಮನ ಮನೆ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಬಾಗಿಲು ತೆಗೆದಿರಲಿಲ್ಲ. ಅವಳನ್ನು ಕರೆತರಲು ಹೋದವಳು ನೆರಿಸ್. ಕಾರಿನಲ್ಲಿ ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು: "ಎಲ್ಲಿಗೆ ಬೇಕಾದ್ರೂ ಹೋಗು, ಏನು ಬೇಕಾದ್ರೂ ಮಾಡು. ನನಗೆ ಸುಳ್ಳು ಮಾತ್ರ ಹೇಳ್ಬೇಡ. ನಿಜ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ." ಲೌರಿ ಕಿಟಕಿಯಾಚೆ ನೋಡುತ್ತ "ನಿಜ ಹೇಳಿದ್ರೆ ಬಿಡ್ತಿದ್ರಾ?" ಎಂದಿದ್ದಳು. ಸಾಲದ್ದಕ್ಕೆ ಹುಡುಗಿಗೆ ಅಸ್ತಮಾ ಬೇರೆ. ಅವಳ ಇನ್ಹೇಲರ್ ಒಂದು ಅವಳ ಜೇಬಿನಲ್ಲಿ, ಇನ್ನೊಂದು ಸದಾ ನೆರಿಸ್‌ಳ ಕೈಚೀಲದಲ್ಲಿ.

ವೆಲ್ಜಿಂಗನ್‌ನಲ್ಲಿ ಅವರಿಬ್ಬರೂ ಇಳಿದುಕೊಂಡದ್ದು ಗೆರ್ಲಿಂಡೆ ಮನೆಯಲ್ಲಿ. ಗೆರ್ಲಿಂಡೆ ಎಂದರೆ ಬೇಕರಿ ನಡೆಸುತ್ತಿದ್ದ ಯೋಸ್ಟ್‌ನ ಹೆಂಡತಿ. ಯೋಸ್ಟ್ ತೀರಿಕೊಂಡು ಎರಡನೆಯ ಹಬ್ಬ ಇದು. ಅರವತ್ತು ದಾಟಿದರೂ ಅವಳು ಕೂತದ್ದನ್ನು ಕಂಡವರಿಲ್ಲ. ಊರಿನ ಕೋಡಂಗಿ ಸಂಘಕ್ಕೆ ಹಬ್ಬದ ಐದಾರು ದಿನವೂ ಕರಿದ ತಿಂಡಿ ಅವಳ ಅಡುಗೆಮನೆಯಿಂದಲೇ ಹೋಗಬೇಕು. ನೆರಿಸ್ ಅಭ್ಯಾಸಬಲದಿಂದ "ನೀವು ಸ್ವಲ್ಪ ಕೂತ್ಕೊಳ್ಳಿ" ಎಂದದ್ದಕ್ಕೆ ಹಿಟ್ಟಿನ ಕೈ ಎತ್ತಿ ಗದರಿದಳು.

"ಹಬ್ಬದಲ್ಲಿ ಯಾವ ನೀವೂ ಇಲ್ಲ. ಮೇಯರ್‌ಗೂ ನೀನು, ಪಾದ್ರಿಗೂ ನೀನು. ಹಬ್ಬ ಮುಗಿದು ಬೂದಿ ಬುಧವಾರ ಬೆಳಗಾದ ಮೇಲೆ ಬೇಕಾದಷ್ಟು ನೀವು ಅನ್ನು."

ಅಡುಗೆಮನೆಯ ಗೋಡೆಯಲ್ಲಿ ಯೋಸ್ಟ್‌ನ ಮುಖವಾಡ ತೂಗುತ್ತಿತ್ತು. ಲಿಂಡನ್ ಎಂಬ ಮೆತು ಮರದಲ್ಲಿ ಕೆತ್ತಿದ್ದು, ನುಣುಪು ಕೆನ್ನೆ, ಇನ್ನೇನು ನಗಬೇಕೋ ಅಳಬೇಕೋ ಎಂದು ಯೋಚಿಸುತ್ತಿರುವಂಥ ತುಟಿ. ಅವನ ಅಜ್ಜನ ಕಾಲದ್ದು. ಪಕ್ಕದಲ್ಲಿ ಅದರ ವೇಷ: ಬಿಳಿಯ ಲಿನನ್ ಅಂಗಿ ಚಲ್ಲಣ, ಹೆಗಲಿಂದ ಅಡ್ಡಡ್ಡ ಹಾಕಿಕೊಳ್ಳುವ ಚರ್ಮದ ಪಟ್ಟಿಗಳ ತುಂಬ ಗಂಟೆಗಳು. ಒಂದೊಂದು ಮನೆಯ ವೇಷಕ್ಕೆ ಬೆನ್ನ ಮೇಲೆ ಒಂದೊಂದು ಪ್ರಾಣಿಯ ಚಿತ್ರ. ಈ ಮನೆಯದು ಮೊಲ. ಹಳೆಯ ಬಟ್ಟೆ ಸವೆದಾಗಲೆಲ್ಲ ಹೊಸದಾಗಿ ಹೊಲಿದು ಮೊಲ ಬರೆದವಳು ಗೆರ್ಲಿಂಡೆ. ಹಾಕಿಕೊಂಡು ಕುಣಿದವನು ಯೋಸ್ಟ್. ಹೆಂಗಸರು ಗಂಟೆಕೋಡಂಗಿ ಆಗುವಂತಿಲ್ಲ ಎಂಬುದು ಸಂಘದ ಕಟ್ಟಳೆ. ಜೋಡಿ ಊರಿನಿಂದ ಬಂದ ಹುಡುಗ ಹುಡುಗಿಯರಿಗೆ ಮಾತ್ರ, ಅತಿಥಿಗಳೆಂದು, ಇತ್ತೀಚೆಗೆ ವಿನಾಯಿತಿ ಕೊಟ್ಟಿದ್ದರು. ಯೋಸ್ಟ್ ಕುಳ್ಳ. ಅವನ ವೇಷ ಲೌರಿಗೆ ಅಳೆದು ಹೊಲಿದಂತೆ ಕೂತಿತು.

"ಸಮುದ್ರ ದಾಟಿ ಬಂದವಳಿಗೆ ಸರಿ, ಹೊಲಿದೋಳಿಗೆ ಮಾತ್ರ ಬಾಣಲೆ" ಎಂದು ಗೆರ್ಲಿಂಡೆ ನಕ್ಕಳು. ಲೌರಿ ನಗಲಿಲ್ಲ.

"ಒಂದ್ಸಲಾನೂ ಹಾಕ್ಕೊಂಡಿಲ್ವಾ ನೀನು?"

"ಕನ್ನಡಿ ಮುಂದೆ. ಯೋಸ್ಟ್ ಬೇಕರೀಲಿದ್ದಾಗ."

ಸೋಮವಾರದ ಮೆರವಣಿಗೆಗೆ ಮುಖವಾಡ ಕಟ್ಟುವ ಮೊದಲು ಸಂಘದ ಯಜಮಾನ ಬೆರ್ಟ್‌ಹೋಲ್ಡ್ ಬಂದ. ಮಿಕ್ಕ ದಿನ ಮನೆಗಳಿಗೆ ಹೆಂಚು ಹೊದಿಸುವವನು, ಆ ವಾರ ಮಾತ್ರ ಕೋಳಿಗರಿ ಸಿಕ್ಕಿಸಿದ ಟೋಪಿ ಇಟ್ಟು ಊರಿಗೇ ದೊರೆ. ಅವನು ಲೌರಿಯ ಎದುರು ಬಗ್ಗಿ ಕಟ್ಟಳೆ ಹೇಳಿದ.

"ಇದನ್ನ ಕಟ್ಕೊಂಡ್ಮೇಲೆ ನೀನು ಲೌರಿ ಅಲ್ಲ, ಕೋಡಂಗಿ. ಮೆರವಣಿಗೆ ಮುಗಿಯೋವರೆಗೂ ಬೀದೀಲಿ ಮುಖ ತೋರಿಸೋ ಹಾಗಿಲ್ಲ, ನಿನ್ನ ಸ್ವರದಲ್ಲಿ ಮಾತಾಡೋ ಹಾಗಿಲ್ಲ. ಅತಿಥಿ ಮುಖ ತೋರಿಸಿದ್ರೆ ಅತಿಥಿ ಮನೇಲಿ ಕೂರ್ತಾರೆ. ನಮ್ಮೂರೋರು ತೋರಿಸಿದ್ರೆ, ಇಲ್ಲಾ ಹಾಕ್ಕೋಬಾರದೋರು ಹಾಕ್ಕೊಂಡಿದ್ದು ಗೊತ್ತಾದ್ರೆ, ಮುಖವಾಡ ಸಂಘದ ಬೀರುವಿಗೆ ಹೋಗತ್ತೆ. ವಾಪಸ್ ಬರಲ್ಲ."

"ಉಸಿರಾಟಕ್ಕೆ ಏನಾದ್ರೂ ಆದ್ರೆ?" ಎಂದಳು ನೆರಿಸ್.

"ಗೋಡೆ ಕಡೆ ಮುಖ ಮಾಡಿ ಕೈ ಎತ್ತಲಿ. ನಮ್ಮೋರು ಒಳಗೆ ಕರ್ಕೊಂಡು ಹೋಗ್ತಾರೆ."

"ನನಗೆ ಅವಳ ಮುಖ ಕಾಣ್ಬೇಕಲ್ಲ?"

ಬೆರ್ಟ್‌ಹೋಲ್ಡ್ ನೆಟ್ಟಗೆ ನಿಂತು ಅವಳನ್ನು ನೋಡಿದ. "ಮುಖ ಕಾಣ್ಬಾರ್ದು ಅಂತಲೇ ಅಲ್ವೇನೇ ಮುಖವಾಡ?"

ಲೌರಿ ಇಬ್ಬರನ್ನೂ ನೋಡಿ "ಬೆನ್ನಲ್ಲಿ ಮೊಲ ಇದೆ ನೆರಿಸ್. ಮೊಲಾನ ನೋಡ್ತಿರು" ಎಂದಳು. ಇನ್ಹೇಲರನ್ನು ಅಂಗಿಯೊಳಗೆ ಸೇರಿಸಿಕೊಂಡದ್ದನ್ನೂ ತೋರಿಸಿದಳು. ನೆರಿಸ್ ಗಂಟೆಯ ಪಟ್ಟಿ ಎಳೆದು ನೋಡಿದಳು, ತುಂಬ ಭಾರ ಅಲ್ಲವೇ ಎಂದಳು, ಬೆಳಿಗ್ಗೆ ತಿಂದೆಯಾ ಎಂದಳು. ಗೆರ್ಲಿಂಡೆ ಅವಳ ಹೆಗಲು ಹಿಡಿದು ಬಾಗಿಲಿಗೆ ದೂಡಿದಳು. "ಹೋಗು ಹೋಗು, ಚರ್ಚಿನ ಮೆಟ್ಟಿಲ ಮೇಲೆ ಜಾಗ ಹಿಡಿ. ಕಟ್ಟಿ ಕಳಿಸೋದು ನನ್ನ ಕೆಲಸ."

ಚರ್ಚಿನ ಮೆಟ್ಟಿಲ ಮೇಲೆ ಊರಿಂದ ಬಂದ ಮಿಕ್ಕ ಮಕ್ಕಳೊಂದಿಗೆ ಯುವಕೇಂದ್ರದ ಕೆಲಸಗಾರ ಡೇವಿ ನಿಂತಿದ್ದ. ಗೆತಿನ್ ಕೆಮ್ಮು ಹೇಗಿದೆ ಎಂದು ನೆರಿಸ್ ಅಲೆಡ್‌ಗೆ ಒಂದು ಸಂದೇಶ ಕಳಿಸಿ, ಉತ್ತರ ಬರುವ ಮೊದಲೇ ಇನ್ನೊಂದು ಕಳಿಸಿದಳು. ಅಷ್ಟರಲ್ಲಿ ಬೀದಿಯ ತಿರುವಿನಾಚೆ ಗಂಟೆಗಳ ಸದ್ದು ಎದ್ದಿತು.

ಮೊದಲು ಪೊರಕೆ ಹಿಡಿದ ಮಾಟಗಾತಿಯರು, ಹಿಂದೆ ಹುಲ್ಲು ಸುತ್ತಿಕೊಂಡ ಕರಡಿಗಳು, ಅವುಗಳ ಹಿಂದೆ ಗಂಟೆಕೋಡಂಗಿಗಳು. ಎಲ್ಲರೂ ಒಂದೇ ಬಿಳುಪು, ಎಲ್ಲರದೂ ಒಂದೇ ನುಣುಪು ಮುಖ, ಒಂದೇ ಹೆಜ್ಜೆಗೆ ಒಟ್ಟಿಗೆ ನೆಗೆದು ಒಟ್ಟಿಗೆ ಇಳಿಯುತ್ತಿದ್ದರು. ನೆಲ ಅದುರುತ್ತಿತ್ತು. ಎದುರಿಗೆ ಬರುವಾಗ ಬೆನ್ನು ಕಾಣುವುದಿಲ್ಲ ಎಂಬುದು ನೆರಿಸ್‌ಗೆ ಆಗ ಹೊಳೆಯಿತು. ಹಾದುಹೋದ ಮೇಲೆ ಒಂದೊಂದೇ ಬೆನ್ನು ಹುಡುಕಿದಳು. ಜಿಂಕೆ, ಹುಂಜ, ಹಂದಿ, ಮತ್ತೆ ಒಂದು ಹುಂಜ. ಕೊನೆಗೆ ಸಾಲಿನ ತುದಿಯಲ್ಲಿ ಮೊಲ. ಜೀವ ಬಂದಂತಾಯಿತು.

ಆದರೆ ಮೊಲ ಸರಿಯಾಗಿ ನೆಗೆಯುತ್ತಿರಲಿಲ್ಲ. ಎಲ್ಲರೂ ಇಳಿದ ಮೇಲೆ ಒಂದು ಗಳಿಗೆ ತಡವಾಗಿ ಇಳಿಯುತ್ತಿತ್ತು. "ಡೇವಿ, ಈ ಮಕ್ಕಳನ್ನ ನೋಡ್ಕೋ" ಎಂದವಳೇ ಜನರನ್ನು ಸೀಳಿಕೊಂಡು ಹಿಂದೆ ಹೊರಟಳು. ಒಬ್ಬ ಮಾಟಗಾತಿ ಅವಳ ತಲೆಯ ಮೇಲೆ ಕಾಗದದ ಚೂರು ಸುರಿದಳು. ಯಾರೋ ಅವಳ ಬಾಯಿಗೆ ಮಿಠಾಯಿ ತುರುಕಲು ಬಂದರು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಮೊಲ ಕಾಣುತ್ತಿತ್ತು, ಕಾಣಲಿಲ್ಲ, ಮತ್ತೆ ಕಂಡಿತು. ಕಾರಂಜಿಯ ಹತ್ತಿರ ಅದು ಸಾಲಿನಿಂದ ಹೊರಗೆ ಸರಿದು, ಗೋಡೆಗೆ ಕೈಯಾನಿಸಿ, ಚರ್ಮ ಹದ ಮಾಡುವವರ ಹಳೆಯ ಓಣಿಯೊಳಕ್ಕೆ ನುಸುಳಿತು.

ಲೌರಿ ಓಡಿಹೋಗುತ್ತಿದ್ದಾಳೆ ಎಂಬುದು ನೆರಿಸ್‌ಗೆ ಮೊದಲು ಬಂದ ಯೋಚನೆ. ಓಣಿಯೊಳಗೆ ಹೋಗಿ ನೋಡಿದರೆ ಕೋಡಂಗಿ ಒಂದು ಮನೆಯ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕುಸಿದು ಕೂತಿತ್ತು. ಮರದ ಮುಖದ ಹಿಂದಿನಿಂದ ಉಸಿರು ಗೊರಗೊರ ಎಂದು, ಹಳೆಯ ತಿದಿ ಒತ್ತಿದ ಹಾಗೆ ಕೇಳುತ್ತಿತ್ತು.

"ಲೌರಿ! ಲೌರಿ, ಇನ್ಹೇಲರ್ ಎಲ್ಲಿ?"

ಕೋಡಂಗಿ ತಲೆಯಾಡಿಸಿತು. ಬೇಡ ಬೇಡ ಎಂದು ಕೈ ಬೀಸಿತು. ಬೆರಳನ್ನು ಮರದ ತುಟಿಯ ಮೇಲಿಟ್ಟಿತು.

"ಕಟ್ಟಳೆ ಹಾಳಾಗ್ಲಿ! ಮುಖ ತೋರ್ಸು ನಂಗೆ!"

ಕಟ್ಟಳೆ ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಹದಿಹರೆಯದಲ್ಲಿ ಇದೇ ಊರಿನಲ್ಲಿ ಒಬ್ಬ ಕುಡುಕ ಕೋಡಂಗಿಯ ಮುಖವಾಡಕ್ಕೆ ಕೈ ಹಾಕಿದಾಗ ಬೀದಿಗೆ ಬೀದಿಯೇ ಮೌನವಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಗಲ್ಲದ ಕೆಳಗೆ ಬೆರಳು ತೂರಿಸಿ ಎತ್ತಿಯೇ ಬಿಟ್ಟಳು.

ಬೆವರಿಗೆ ಅಂಟಿಕೊಂಡ ನರೆಗೂದಲು. ಕೆಂಪೇರಿದ, ಸುಕ್ಕುಬಿದ್ದ ಕೆನ್ನೆ. ಗೆರ್ಲಿಂಡೆ.

"ಇಳಿಸೇ!" ಎಂದು ಪಿಸುಗುಟ್ಟಿದಳು ಗೆರ್ಲಿಂಡೆ. "ಇಳಿಸು ಬೇಗ!"

ನೆರಿಸ್ ಇಳಿಸಿದಳು. ಹಿಂದಿರುಗಿ ನೋಡಿದರೆ ಓಣಿಯ ಬಾಯಲ್ಲಿ ಕೋಳಿಗರಿಯ ಟೋಪಿ. ಬೆರ್ಟ್‌ಹೋಲ್ಡ್ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೋಡಂಗಿಗೂ ಅವನಿಗೂ ನಡುವೆ ನೆರಿಸ್‌ಳ ಬೆನ್ನಿತ್ತು, ಮುಖ ಅವನಿಗೆ ಕಂಡಿರಲಾರದು. ಮುಖವಾಡ ಮೇಲೇರಿದ್ದಂತೂ ಕಂಡಿತ್ತು.

"ಸಂಜೆ, ಜಿಂಕೆ ಹೋಟೆಲಿನಲ್ಲಿ" ಎಂದ. "ಕೋಡಂಗಿ ಕೋರ್ಟು. ನೀನು ಬರ್ಬೇಕು." ಕೂತಿದ್ದ ವೇಷವನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದ.

ಲೌರಿ ಎಲ್ಲಿದ್ದಾಳೋ ಎಂದು ಗೆರ್ಲಿಂಡೆಯ ಮನೆಯವರೆಗೆ ನೆರಿಸ್ ಓಡಿದಳು. ಹಿತ್ತಲ ಬಾಗಿಲು ನೂಕಿದರೆ ಅಡುಗೆಮನೆಯ ತುಂಬ ಹೊಗೆ, ಸಕ್ಕರೆಪುಡಿ. ಲೌರಿ ಗೆರ್ಲಿಂಡೆಯ ಏಪ್ರನ್ ಕಟ್ಟಿಕೊಂಡು, ನಾಲಿಗೆ ಹೊರಗೆ ಚಾಚಿ, ಬಾಣಲೆಯಲ್ಲಿ ಹಿಟ್ಟಿನ ತುಂಡುಗಳನ್ನು ತಿರುವಿ ಹಾಕುತ್ತಿದ್ದಳು.

"ಒಬ್ಬಳೇ ಕುದಿಯೋ ಎಣ್ಣೆ ಮುಂದೆ ನಿಂತಿದೀಯಾ?" ಎಂಬುದೇ ನೆರಿಸ್‌ಳ ಬಾಯಿಂದ ಬಂದ ಮೊದಲ ಮಾತು.

"ಮೆರವಣಿಗೆ ಮುಗೀತಾ? ಅವಳು ಕುಣಿದ್ಲಾ? ಚೆನ್ನಾಗಿ ಕುಣಿದ್ಲಾ?"

ನೆರಿಸ್ ಕುರ್ಚಿ ಎಳೆದು ಕೂತಳು. ಆದದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಲೌರಿಯ ಮುಖ ಮುಚ್ಚಿಕೊಳ್ಳುತ್ತ ಹೋದದ್ದು ಅವಳಿಗೆ ಕಾಣುತ್ತಿತ್ತು. ಕಾರಿನಲ್ಲಿ ಕಿಟಕಿಯಾಚೆ ನೋಡಿದ ಆ ಮುಖವೇ.

"ನಾನು ಓಡಿಹೋದೆ ಅಂದ್ಕೊಂಡೆ ನೀನು" ಎಂದಳು ಲೌರಿ.

"ನಿನಗೆ ಉಸಿರು ಕಟ್ಟಿದೆ ಅಂದ್ಕೊಂಡೆ."

"ಮೊದ್ಲು ಓಡಿಹೋದೆ ಅಂತಾನೇ ಅಂದ್ಕೊಂಡೆ ನೀನು. ಹೌದೋ ಅಲ್ವೋ? ನಿಜ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ಹೌದು" ಎಂದಳು ನೆರಿಸ್.

ಲೌರಿ ಒಲೆ ಆರಿಸಿದಳು. "ನಿಂಗೆ ಹೇಳೋಣ ಅಂದೆ ನಾನು. ಗೆರ್ಲಿಂಡೇನೇ ಬೇಡ ಅಂದ್ಲು. ನೆರಿಸ್ ಮುಖದಲ್ಲಿ ಏನೂ ನಿಲ್ಲಲ್ಲ, ಬೆರ್ಟ್‌ಹೋಲ್ಡ್ ನೋಡಿದ ತಕ್ಷಣ ಗೊತ್ತಾಗತ್ತೆ ಅಂದ್ಲು. ಒಂದೇ ಒಂದ್ಸಲ ನೆರಿಸ್. ಅವಳ ಗಂಡನ ಗಂಟೆ ಹೊತ್ತು ಒಂದ್ಸಲ ಬೀದೀಲಿ ಹೋಗ್ಬೇಕಿತ್ತು ಅವಳಿಗೆ. ಈಗ ಅದೂ ಹೋಯ್ತು, ಮುಖವಾಡಾನೂ ಹೋಗತ್ತೆ."

ಹಿತ್ತಲಿನಲ್ಲಿ ಗಂಟೆ ಸದ್ದಾಯಿತು. ಗೆರ್ಲಿಂಡೆ ಒಳಗೆ ಬಂದು, ಬಾಗಿಲು ಹಾಕಿ, ಮುಖವಾಡ ಕಳಚಿ ಗೋಡೆಯ ಮೊಳೆಗೆ ತೂಗುಹಾಕಿದಳು. ಮಂಡಿ ಉಜ್ಜಿಕೊಂಡಳು. ನೆರಿಸ್ ಎದ್ದು ಏನೋ ಹೇಳಹೊರಟದ್ದನ್ನು ಕೇಳಲಿಲ್ಲ.

"ಒಲೆ ಯಾಕೆ ಆರ್ಸಿದ್ರಿ? ಸಂಜೆಗೆ ತಟ್ಟೆ ತುಂಬಬೇಕು" ಎಂದಳು. ಆಮೇಲೆ, ಬೆನ್ನು ತಿರುಗಿಸಿ, "ಕಾರಂಜಿವರೆಗೂ ಹೋದೆ ನೋಡು. ಯೋಸ್ಟ್ ಕೊನೇ ವರ್ಷ ಅಷ್ಟು ದೂರಾನೂ ಹೋಗಿರ್ಲಿಲ್ಲ" ಎಂದಳು.

ಜಿಂಕೆ ಹೋಟೆಲಿನಲ್ಲಿ ಸಂಜೆ ಕಾಲಿಡಲು ಜಾಗವಿರಲಿಲ್ಲ. ಬೆರ್ಟ್‌ಹೋಲ್ಡ್ ಒಂದು ಬೀರಿನ ಪೀಪಾಯಿಯ ಮೇಲೆ ಕೂತಿದ್ದ. ಮೊದಲು ಬೇರೆ ಕೇಸುಗಳು. ಚಿಕ್ಕ ಮೀನು ಹಿಡಿದು ದೊಡ್ಡದೆಂದು ಹೇಳಿಕೊಂಡ ಮೇಷ್ಟರಿಗೆ, ಸ್ವಂತ ಮದುವೆಯ ದಿನ ಮರೆತ ಔಷಧಿ ಅಂಗಡಿಯವನಿಗೆ ವೈನಿನ ದಂಡ. ಜನ ಮೇಜು ಗುದ್ದಿ ನಗುತ್ತಿದ್ದರು. ನೆರಿಸ್‌ಗೆ ನಗು ಕಿವಿಗೆ ಬೀಳುತ್ತಿತ್ತೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಗೆರ್ಲಿಂಡೆ ತಿಂಡಿಯ ತಟ್ಟೆ ಹೊತ್ತು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ಒಂದು ಕಾಲು ಎಳೆಯುತ್ತಿದ್ದಳು. ಜೇಬಿನಲ್ಲಿ ಫೋನು ನಡುಗಿತು. ಗೆತಿನ್‌ನ ವಿಷಯವಿರಬೇಕು, ಕೆಮ್ಮು ಹೆಚ್ಚಾಗಿದೆಯೋ ಏನೋ. ನೆರಿಸ್ ತೆಗೆಯುವಷ್ಟರಲ್ಲಿ ಅವಳ ಹೆಸರು ಕೂಗಿದರು.

"ಇವಳು ನಮ್ಮ ಜೋಡಿ ಊರಿನ ನೆರಿಸ್. ಮೆರವಣಿಗೆ ನಡೀತಿರೋವಾಗ ಒಬ್ಬ ಕೋಡಂಗಿ ಮುಖವಾಡ ಎತ್ತಿದಾಳೆ. ನಾನೇ ಸಾಕ್ಷಿ, ನಾನೇ ಜಡ್ಜು. ಕೋಡಂಗಿ ಕೋರ್ಟಲ್ಲಿ ಇದೆಲ್ಲ ನಡಿಯತ್ತೆ." ನಗು. ಬೆರ್ಟ್‌ಹೋಲ್ಡ್ ಕೈಯೆತ್ತಿ ನಿಲ್ಲಿಸಿದ. "ಎತ್ತಿದ್ದು ಒಪ್ತೀಯಾ?"

"ಒಪ್ತೀನಿ."

"ಯಾಕೆ ಎತ್ತಿದೆ?"

"ಹೆದರಿಕೆ ಆಯ್ತು."

"ಮರದ ಮುಖ ನೋಡಿನಾ?"

"ಅದರ ಹಿಂದೆ ಏನಿದೆ ಅಂತ ಕಾಣದೆ."

ಯಾರೂ ನಗಲಿಲ್ಲ. ಬೆರ್ಟ್‌ಹೋಲ್ಡ್ ಟೋಪಿ ಸರಿಮಾಡಿಕೊಂಡ. "ಬೆನ್ನ ಮೇಲೆ ಮೊಲ ಇತ್ತು. ಆ ವೇಷ ಕೊಟ್ಟಿದ್ದು ಅತಿಥಿ ಹುಡುಗಿಗೆ. ಒಳಗೆ ಅವಳೇ ಇದ್ರೆ ಒಂದು ನ್ಯಾಯ, ಬೇರೆಯೋರು ಇದ್ರೆ ಇನ್ನೊಂದು ನ್ಯಾಯ. ಈಗ ಹೇಳು. ಎತ್ತಿದಾಗ ಯಾರ ಮುಖ ಕಂಡಿತು?"

ತಟ್ಟೆ ಹಿಡಿದ ಗೆರ್ಲಿಂಡೆ ನಿಂತಲ್ಲೇ ನಿಂತಳು. ಬಾಯಿ ತೆರೆದಳು. ಅಷ್ಟರಲ್ಲಿ ಹೋಟೆಲಿನ ಅಡುಗೆಮನೆಯ ಬಾಗಿಲಿಂದ ಕೂಗು ಬಂತು.

"ನಂದು!"

ಲೌರಿ. ಮೊಣಕೈಯವರೆಗೂ ಹಿಟ್ಟು. ಜನ ದಾರಿ ಬಿಟ್ಟರು. ಬೆರ್ಟ್‌ಹೋಲ್ಡ್ ಅವಳನ್ನು ನೋಡಿದ, ಹಿಟ್ಟನ್ನು ನೋಡಿದ.

"ನನಗೆ ಕಂಡ ಕೋಡಂಗಿ ಮಂಡಿ ಹಿಡ್ಕೊಂಡು ಕೂತಿತ್ತು. ಹದಿನೈದು ವರ್ಷದೋಳಿಗೆ ಮಂಡಿನೋವಾ?"

"ನಿನ್ನ ಗಂಟೆಗಳು ಕತ್ತೆಗೂ ಭಾರ! ನೀನು ಟೋಪಿ ಇಟ್ಕೊಂಡು ಓಡಾಡ್ತೀಯ, ನಿಂಗೇನು ಗೊತ್ತು?"

ಹೋಟೆಲು ಹೋ ಎಂದಿತು. ಬೆರ್ಟ್‌ಹೋಲ್ಡ್‌ನ ಮೀಸೆಯೂ ಅಲುಗಿತು. ಆದರೆ ಅವನು ನೆರಿಸ್‌ಳ ಕಡೆ ತಿರುಗಿದ. "ಅವಳು ಹೇಳೋದು ನಿಜಾನಾ?"

ಲೌರಿಯ ಮುಖ ಅವಳೆದುರಿಗೇ ಇತ್ತು, ಯಾವ ಮರದ ಮರೆಯೂ ಇಲ್ಲದೆ. ಬಾಗಿಲಲ್ಲಿ ನಿಂತು ಮುಖ ಓದುವುದನ್ನೇ ಉದ್ಯೋಗ ಮಾಡಿಕೊಂಡಿದ್ದವಳಿಗೆ ಆ ಮುಖದಲ್ಲಿದ್ದದ್ದು ಚೆನ್ನಾಗಿ ಕಂಡಿತು. ಹುಡುಗಿಗೆ ತನ್ನ ಬಗ್ಗೆ ಚಿಂತೆಯಿರಲಿಲ್ಲ. ನೆರಿಸ್ ಈಗ ಏನು ಮಾಡುತ್ತಾಳೆ ಎಂದು ಕಾಯುತ್ತಿದ್ದಳು, ಅಷ್ಟೆ.

"ನಿಜ" ಎಂದಳು ನೆರಿಸ್. "ಎತ್ತಿದೆ, ಲೌರಿ ಇದ್ಲು."

ಬೆರ್ಟ್‌ಹೋಲ್ಡ್ ಇನ್ನೊಮ್ಮೆ ಲೌರಿಯ ಕೈಯ ಹಿಟ್ಟು ನೋಡಿದ. ಆಮೇಲೆ ಪೀಪಾಯಿ ಗುದ್ದಿದ.

"ಸರಿ ಹಾಗಾದ್ರೆ. ಹುಡುಗಿ ನಾಳೆ ವೇಷ ಹಾಕೋ ಹಾಗಿಲ್ಲ. ಮೊಲ ಗೋಡೆ ಮೇಲಿರತ್ತೆ, ಅದರ ಮನೇಲೇ. ಇನ್ನು ನೆರಿಸ್. ಇವಳಿಗೆ ವೈನಿನ ದಂಡ ಸಾಲದು. ನೋಡಬಾರದ್ದನ್ನ ನೋಡಿದ ಕಣ್ಣು ಇವಳದು. ನಾಳೆ ಮೆರವಣಿಗೇಲಿ ಇವಳು ಕಣ್ಣಿಗೆ ಬಟ್ಟೆ ಕಟ್ಕೊಂಡು ಊರೆಲ್ಲ ಸುತ್ತಬೇಕು. ಕೈ ಹಿಡಿದು ನಡೆಸೋಳು ಈ ಹುಡುಗಿ. ಬಟ್ಟೆ ಎತ್ತಿದ್ರೆ ಕೇಸು ಮೊದಲಿಂದ ಶುರು, ಎಲ್ಲಾ ಪ್ರಶ್ನೇನೂ ಮತ್ತೆ ಕೇಳ್ತೀನಿ."

ಮೇಜುಗಳು ಗುಡುಗಿದವು. ಆ ಗದ್ದಲದ ನಡುವೆ ಅವನು ಪಕ್ಕಕ್ಕೆ ಬಾಗಿ ಹೇಳಿದ್ದು ನೆರಿಸ್‌ಗೆ ಕೇಳಿಸಿತು. "ಗೆರ್ಲಿಂಡೆ, ಆ ತಟ್ಟೆ ಇಳಿಸಿ ಕೂತ್ಕೋ. ಇವತ್ತು ಬಹಳ ನಡೆದಿದೀಯ."

ಗೆರ್ಲಿಂಡೆ ಕೂತಳು.

ಹೊರಗೆ ಬಂದ ಮೇಲೆ ಲೌರಿ ಹೇಳಿದಳು: "ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗತ್ತೆ, ಗೊತ್ತಾ?"

"ಬಾಯ್ಮುಚ್ಚು. ಅಜ್ಜಿಗೆ ಫೋನ್ ಮಾಡಿದ್ಯಾ?"

ಮಂಗಳವಾರ ಬಟ್ಟೆ ಕಟ್ಟಿದವಳು ಗೆರ್ಲಿಂಡೆ. ಎರಡು ಸುತ್ತು ಸುತ್ತಿ, ಗಂಟು ಬಿಗಿದು, "ಮೂಗಿನ ಹತ್ರ ಸಂದಿ ಬಿಡ್ಲಾ?" ಎಂದು ಕಿವಿಯಲ್ಲಿ ಕೇಳಿದಳು. ನೆರಿಸ್ ಬಿಡು ಎನ್ನಬೇಕೆಂದುಕೊಂಡಳು. "ಬೇಡ" ಎಂದಳು. ಯಾಕೆ ಹಾಗೆಂದೆ ಎಂದು ಮರುಗಳಿಗೆಯೇ ಪರಿತಪಿಸಿದಳು.

ಗಂಟೆಗಳು ಮುಂದೆಯೂ ಹಿಂದೆಯೂ ಒಟ್ಟಿಗೆ ಎದ್ದವು. ಲೌರಿಯ ಕೈ ತಣ್ಣಗಿತ್ತು. ಕೈಚೀಲದಲ್ಲಿ ಇನ್ಹೇಲರ್ ಇದೆಯೇ ಎಂದು ನೆರಿಸ್ ಇನ್ನೊಂದು ಕೈಯಲ್ಲಿ ತಡವಿಕೊಂಡಳು. ಡೇವಿ ಮಿಕ್ಕ ಮಕ್ಕಳನ್ನು ಎಣಿಸಿದ್ದಾನೆಯೇ? ಚರ್ಚಿನ ಮೆಟ್ಟಿಲು ಜಾರುತ್ತದೆ, ಹೇಳಿದೆನೇ?

"ಇದ್ದೀಯಾ?"

"ಕೈ ಹಿಡ್ಕೊಂಡಿದೀನಲ್ಲ."

ಎಡಗಡೆ ಜನ "ಕಣ್ಣಿಲ್ಲದ ಪೋಲೀಸು!" ಎಂದು ಕೂಗಿದರು. ಯಾರೋ ಮೂಗಿಗೆ ಗರಿಯಾಡಿಸಿದರು. ನೆಲ ಇಳಿಜಾರಾಯಿತು. ನೀರಿನ ಸದ್ದು ಕೇಳಿತು, ಕಾರಂಜಿಯಿರಬೇಕು.

"ಇದ್ದೀಯಾ?"

"ಇದ್ದೀನಿ, ಮಾರಾಯ್ತಿ."

ಜೇಬಿನಲ್ಲಿ ಫೋನು ನಡುಗಿತು. ಅಲೆಡ್ ಇರಬೇಕು. ಬೆಳಿಗ್ಗೆ ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದ. ಈಗ ಯಾಕೆ ಮಾಡುತ್ತಿದ್ದಾನೆ? ನಡುಗಿ ನಡುಗಿ ನಿಂತಿತು. ಮತ್ತೆ ನಡುಗಿತು. ಎತ್ತಿಕೊಳ್ಳಲು ಅವಳು ಕೈ ಇಳಿಸುವುದಕ್ಕೂ, ಇನ್ನೊಂದು ಕೈಯಿಂದ ಲೌರಿಯ ಬೆರಳುಗಳು ಜಾರುವುದಕ್ಕೂ ಸರಿಹೋಯಿತು.

"ಒಂದ್ನಿಮಿಷ" ಎಂದದ್ದು ಕೇಳಿತೋ, ಕೇಳಿತೆಂದು ಅನ್ನಿಸಿತೋ.

ನೆರಿಸ್ ನಿಂತಳು. ಗಂಟೆಗಳು ಅವಳ ಎರಡೂ ಪಕ್ಕದಲ್ಲಿ ಹರಿದುಹೋಗುತ್ತಿದ್ದವು. ಹೆಗಲಿಗೆ ಯಾರೋ ತಗುಲಿದರು, ಇನ್ಯಾರೋ ತಿರುಗಿಸಿಬಿಟ್ಟರು. ಎಲ್ಲಿಂದ ಬಂದೆ, ಎತ್ತ ಹೋಗಬೇಕು ಎನ್ನುವುದೂ ತಪ್ಪಿತು. ಕೈ ತಾನಾಗಿ ತಲೆಯ ಹಿಂದಿನ ಗಂಟಿಗೆ ಹೋಯಿತು. ಗಂಟು ಬಿಗಿಯಾಗಿತ್ತು, ಎಳೆದರೆ ಬರುತ್ತಿತ್ತು. ಗೋಡೆಯ ಮೊಳೆಯಲ್ಲಿ ತೂಗುತ್ತಿರುವ ಆ ನುಣುಪು ಮುಖ ಕಣ್ಣ ಕತ್ತಲಲ್ಲಿ ಬಂತು. ಕಾರಿನ ಕಿಟಕಿಯಾಚೆ ನೋಡುತ್ತಿದ್ದ ಹುಡುಗಿಯ ಮುಖ ಬಂತು. ಫೋನು ಮೂರನೆಯ ಸಲ ನಡುಗಿತು. ಬೆರಳು ಗಂಟಿನ ಮೇಲೆಯೇ ಇತ್ತು. ಅವಳು ಎಳೆಯಲಿಲ್ಲ, ಬಿಡಲೂ ಇಲ್ಲ.

ಆಮೇಲೆ ಅಂಟಂಟಾದ ಒಂದು ಕೈ ಬಂದು ಅವಳ ಕೈಯನ್ನು ಗಂಟಿನಿಂದ ಬಿಡಿಸಿ ಹಿಡಿದುಕೊಂಡಿತು.

"ಮಿಠಾಯಿ ಬಿತ್ತು ನೆರಿಸ್. ಆರಿಸ್ಕೊಳ್ಳೋಕೆ ಬಗ್ಗಿದ್ದೆ" ಎಂದಳು ಲೌರಿ, ಬಾಯಿ ತುಂಬಿಕೊಂಡು. "ನೀನು ಯಾಕೆ ಗಂಟಿಗೆ ಕೈ ಹಾಕಿದ್ದೆ?"

"ಫೋನು" ಎಂದಳು ನೆರಿಸ್. "ನೋಡು, ಯಾರು ಅಂತ."

ಲೌರಿ ಅವಳ ಜೇಬಿಗೆ ಕೈ ಹಾಕಿದಳು.

"ಗೆತಿನ್ ಫೋಟೋ. ಮೂರು ಸಲ ಅದೇ. ಚಮಚ ತಲೆ ಮೇಲೆ ಇಟ್ಕೊಂಡಿದಾನೆ."

"ಮುಖ ಹೇಗಿದೆ? ಕೆಂಪಗಿದೆಯಾ?"

"ಮುಖದ ತುಂಬ ಗಂಜಿ. ಕಾಣಲ್ಲ" ಎಂದು ಲೌರಿ ನಕ್ಕು, ಫೋನನ್ನು ಅವಳ ಜೇಬಿಗೇ ತುರುಕಿ, ಕೈ ಎಳೆದಳು. "ನಡಿ. ಮುಂದೆ ಮೆಟ್ಟಿಲಿದೆ, ನಾನು ಹೇಳ್ದಾಗ ಕಾಲೆತ್ತು."